ಹೊಂಗೆಮರದ ಕೆಳಗಿನ ಹಸಿರು ಬಟ್ಟೆ

ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ನಂಜರಾಜಪ್ಪನ ತಲೆ ಪೂರ್ತಿ ನರೆತಿತ್ತು. ಶಿಷ್ಯನಾಗುವ ವಯಸ್ಸೇನಲ್ಲ. ಕೆಲಸದಿಂದ ನಿವೃತ್ತಿಯಾಗಿತ್ತು, ಹೆಂಡತಿ ಚೆನ್ನಾಜಮ್ಮ ತೀರಿಕೊಂಡಿದ್ದಳು, ಬೇರೆಲ್ಲೂ ಹೋಗಲು ಮನಸ್ಸಿರಲಿಲ್ಲ.

ಗುರುಗಳು ಅವನನ್ನು ಧ್ಯಾನಕ್ಕೆ ಕೂರಿಸಿದರು. ಕೂರುವುದು ಅವನಿಗೆ ಕಷ್ಟವೇ ಅಲ್ಲ. ಗೂಡ್ಸ್ ರೈಲಿನ ಗಾರ್ಡ್ ಆಗಿ ಜೀವಮಾನವೆಲ್ಲ ಕೊನೆಯ ಡಬ್ಬಿಯಲ್ಲಿ ಒಬ್ಬನೇ ಕೂತು ಬಂದವನು. ಆದರೆ ಎದ್ದಾಗಲೆಲ್ಲ ಕಣ್ಣು ಒದ್ದೆಯಾಗಿರುತ್ತಿತ್ತು.

“ಕಣ್ಣು ಮುಚ್ಚಿದ್ರೆ ಏನಪ್ಪಾ ಕಾಣುತ್ತೆ?” ಎಂದು ಗುರುಗಳು ಕೇಳಿದರು.

“ರೈಲು, ಬುದ್ಧಿ.”

“ದೇವರು?”

“ಗಾಡಿ ಇನ್ನೂ ಆ ಸ್ಟೇಷನ್ ಮುಟ್ಟಿಲ್ಲ.”

ಗುರುಗಳು ಜೋರಾಗಿ ನಕ್ಕರು. “ಹಾಗಾದ್ರೆ ಆ ರೈಲನ್ನೇ ಕಟ್ಟು. ಕಣ್ಣು ಬಿಟ್ಕೊಂಡೇ ನೋಡು.”

ಬೇರೆ ಯಾರಾದರೂ ಇದನ್ನು ಒಗಟು ಎಂದುಕೊಂಡು ತಲೆ ಕೆಡಿಸಿಕೊಳ್ಳುತ್ತಿದ್ದರು. ನಂಜರಾಜಪ್ಪ ರೈಲ್ವೆಯವನು, ಆರ್ಡರ್ ಎಂದರೆ ಆರ್ಡರ್. ಮಾರನೆಯ ದಿನವೇ ತನ್ನ ಕೋಣೆಯ ಮಂಚದ ಮೇಲಿನ ಹಾಸಿಗೆ ಕಿತ್ತು ನೆಲಕ್ಕೆ ಹಾಕಿದ. ಮಂಚದ ಮೇಲೆ ಹಲಗೆ ಹಾಸಿ, ಆಟಿಕೆ ರೈಲಿಗೆಂದು ಸೀಮೆಸುಣ್ಣದಲ್ಲಿ ತನ್ನ ಹಳೇ ಲೈನಿನ ದಾರಿ ಬರೆದ.

ಒಬ್ಬನಿಂದ ಆಗುವ ಕೆಲಸವಾಗಿರಲಿಲ್ಲ. ಆಶ್ರಮದ ಅಡುಗೆಯ ಮರಿಸ್ವಾಮಿ ಹಳೇ ಪೇಪರನ್ನು ಗಂಜಿಯಲ್ಲಿ ನೆನೆಸಿ ಗುಡ್ಡ ಮಾಡಿಕೊಟ್ಟ. ಆಚೆ ದಡದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮುನೀರ್ ಸಾಬ್ ಹಿತ್ತಾಳೆ ತಂತಿ ಎಳೆದು ಹಳಿ ಮಾಡಿದ, ಕೆಟ್ಟ ಆಟಿಕೆಯ ಮೋಟಾರು ಕಿತ್ತು ಇಂಜಿನ್ನಿಗೆ ಕೂರಿಸಿದ. ಪೂಜೆಗೆ ಹೂ ತರುತ್ತಿದ್ದ ದೇವೀರಮ್ಮನಿಗೆ ಮಣ್ಣಿನ ಗೊಂಬೆ ಮಾಡುವ ಕೈಯಿತ್ತು. ಎತ್ತು, ಗಾಡಿ, ಬಾವಿಕಟ್ಟೆ ಎಲ್ಲ ಅವಳದೇ.

“ಗುಡ್ಡ ಇನ್ನೊಂಚೂರು ಎಡಕ್ಕೆ,” ಎನ್ನುತ್ತಿದ್ದ ನಂಜರಾಜಪ್ಪ.

“ಗುಡ್ಡ ಕಣಯ್ಯ ಅದು, ಚಪಾತಿ ಅಲ್ಲ,” ಎಂದು ಮರಿಸ್ವಾಮಿ ಬೈಯುತ್ತಲೇ ಸರಿಸುತ್ತಿದ್ದ.

ಸಂಜೆ ಪೂಜೆ ಮುಗಿದ ಮೇಲೆ ನಾಲ್ವರೂ ಆ ಕೋಣೆಯಲ್ಲಿ ಸೇರುತ್ತಿದ್ದರು. ನಗು ಅಂಗಳದವರೆಗೂ ಕೇಳುತ್ತಿತ್ತು.

ಕೊನೆಗೆ ಉಳಿದದ್ದು ಒಂದೇ ಜಾಗ. ಲೆವೆಲ್ ಕ್ರಾಸಿಂಗ್ ಗೇಟು ದಾಟಿದರೆ ಒಂದು ಹೊಂಗೆಮರ, ಅದರ ಹಿಂದೆ ಅವನೂ ಚೆನ್ನಾಜಮ್ಮನೂ ಇದ್ದ ರೈಲ್ವೆ ಕ್ವಾರ್ಟರ್ಸಿನ ಪುಟ್ಟ ಮನೆ.

“ಇಲ್ಲಿ ಒಬ್ಬ ಹೆಂಗಸು ಬೇಕು, ತಾಯಿ,” ಎಂದ ನಂಜರಾಜಪ್ಪ ದೇವೀರಮ್ಮನಿಗೆ. “ಕೈಯಲ್ಲಿ ಹಸಿರು ಬಟ್ಟೆ.”

ದೇವೀರಮ್ಮನಿಗೆ ಅರ್ಥವಾಯಿತು. “ಅಕ್ಕ ಹೆಂಗೆ ನಿಂತ್ಕೋತಿದ್ರಣ್ಣ?”

“ಒಂದೇ ಕಾಲಿನ ಮೇಲೆ ಭಾರ ಹಾಕಿ.”

ಗೊಂಬೆ ಹಾಗೆಯೇ ಬಂತು. ಹಳೇ ರವಿಕೆಯ ಚೂರೊಂದನ್ನು ಅದರ ಕೈಗೆ ಅಂಟಿಸಿದರು. ಮುನೀರ್ ಸ್ವಿಚ್ ಹಾಕಿದ. ರೈಲು ಗುಡ್ಡ ಸುತ್ತಿ, ಗೇಟು ದಾಟಿ, ಹೊಂಗೆಮರದ ಮುಂದೆ ಹಾದು ಹೋಯಿತು. ನಂಜರಾಜಪ್ಪ ಹಲಗೆಗೆ ಗದ್ದ ಊರಿ, ಕೊನೆಯ ಡಬ್ಬಿಯಿಂದ ನೋಡಿದರೆ ಹೇಗೆ ಕಾಣುವುದೋ ಹಾಗೇ ನೋಡಿದ. ಅವಳು ಬಂದಳು, ಹೋದಳು. ಮತ್ತೆ ಬಂದಳು, ಮತ್ತೆ ಹೋದಳು. ಎಷ್ಟು ನೋಡಿದರೂ ಎದೆಯೊಳಗಿನ ಹಂಬಲ ತೀರಲಿಲ್ಲ.

ಗುರುಗಳು ನೋಡಲು ಬಂದರು. “ಹಸಿರು ಬಟ್ಟೆ ಯಾಕೆ?”

“ಗಾಡಿ ಹೋಗೋವಾಗ ಗಾರ್ಡೂ ಗೇಟಿನವನೂ ಹಸಿರು ಬಾವುಟ ತೋರಿಸ್ಕೋಬೇಕು, ಬುದ್ಧಿ. ಎಲ್ಲಾ ಸರಿಯಾಗಿದೆ ಅಂತ. ಅದನ್ನ ನೋಡಿ ಇವಳೂ ಕಲ್ತಿದ್ಲು. ನಮ್ಮ ಗಾಡಿ ಅಲ್ಲಿ ನಿಲ್ತಿರ್ಲಿಲ್ಲ. ನಾನು ಬಾವುಟ ತೋರಿಸ್ತಿದ್ದೆ, ಇವಳು ರವಿಕೆ ಬಟ್ಟೆ ತೋರಿಸ್ತಿದ್ಲು. ಒಂದು ದಿನಾನೂ ತಪ್ಪಿಸ್ಲಿಲ್ಲ.” ಹೇಳುವಾಗ ಅವನ ಮುಖ ಅರಳಿತ್ತು.

“ಒಂದು ದಿನವೂ?”

“ನಮ್ಮ ಕೂಸು ತೀರ್ಕೊಂಡ ವಾರಾನೂ ಇವಳು ನಿಂತಿದ್ಲು. ಹಸಿರೇ ತೋರಿಸಿದ್ಲು.”

ಗುರುಗಳು ಗೊಂಬೆಯ ಹತ್ತಿರಕ್ಕೆ ಬಾಗಿದರು. “ನೀನು ಅವಳನ್ನ ಎಲ್ಲೀವರೆಗೆ ನೋಡ್ತಿದ್ದೆ?”

“ತಿರುವು ಬರೋವರೆಗೆ.”

“ತಿರುವು ಆದ ಮೇಲೆ ಅವಳು ಏನು ಮಾಡ್ತಿದ್ಲು?”

ನಂಜರಾಜಪ್ಪ ಅದನ್ನು ಕಂಡಿರಲಿಲ್ಲ. ಕೇಳಿಯೂ ಇರಲಿಲ್ಲ. ಗುರುಗಳು ಉತ್ತರಕ್ಕೆ ಕಾಯದೆ ಹೊರಟುಹೋದರು.

ಒಂದು ಬೆಳಿಗ್ಗೆ ಅವನು ಹೊಳೆಯಲ್ಲಿ ಮಿಂದು ಬರುವಷ್ಟರಲ್ಲಿ ಮೂವರೂ ಕೋಣೆಯಲ್ಲಿದ್ದರು. ಮುಖದಲ್ಲಿ ಕಳ್ಳನಗು. ಹೊಂಗೆಮರದ ಕೆಳಗೆ, ಚೆನ್ನಾಜಮ್ಮನ ಪಕ್ಕದಲ್ಲಿ, ಮೂರು ಹೊಸ ಗೊಂಬೆಗಳು ನಿಂತಿದ್ದವು. ಸೌಟು ಹಿಡಿದದ್ದೊಂದು, ಟೋಪಿ ಹಾಕಿದ್ದೊಂದು, ಹೂಬುಟ್ಟಿ ಹೊತ್ತದ್ದೊಂದು. ಮೂರರ ಕೈಯಲ್ಲೂ ಹಸಿರು ಚೂರು.

“ನಾವೂ ಗಾಡಿ ನೋಡಕ್ಕೆ ಬಂದಿದೀವಿ, ಗಾರ್ಡಣ್ಣ,” ಎಂದಳು ದೇವೀರಮ್ಮ.

ನಂಜರಾಜಪ್ಪನಿಗೆ ನಖಶಿಖಾಂತ ಉರಿಯಿತು. “ಯಾರು ಹೇಳಿದ್ದು ಇಡೋಕೆ? ಅಲ್ಲಿ ಯಾರೂ ಇರ್ತಿರ್ಲಿಲ್ಲ! ಅವಳೊಬ್ಬಳೇ ಇರ್ತಿದ್ದದ್ದು!”

ಮೂರನ್ನೂ ಕಿತ್ತು ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಕೀಳುವಾಗ ಹೂಬುಟ್ಟಿಯ ಅಂಚು ಮುರಿಯಿತು. ದೇವೀರಮ್ಮ ಅದನ್ನು ನೋಡಿದಳು, ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಉಳಿದಿಬ್ಬರೂ ಅವಳ ಹಿಂದೆ ಹೊರಟರು.

ಆಮೇಲೆ ಸಂಜೆ ಹೊತ್ತು ಯಾರೂ ಬರಲಿಲ್ಲ. ಊಟಕ್ಕೆ ಕೂತಾಗ ಮರಿಸ್ವಾಮಿ ಬಡಿಸುತ್ತಿದ್ದ, ಮುಖ ನೋಡುತ್ತಿರಲಿಲ್ಲ. ನಂಜರಾಜಪ್ಪ ಒಬ್ಬನೇ ರೈಲು ಓಡಿಸಿದ. ಈಗ ಎಲ್ಲ ಇದ್ದ ಹಾಗೇ ಇತ್ತು. ಗೇಟು, ಮರ, ಅವಳು. ಆದರೂ ಕೋಣೆ ಬಿಕೋ ಎನ್ನುತ್ತಿತ್ತು.

ಒಂದು ದಿನ ರೈಲು ಗುಡ್ಡದ ಹಿಂದೆ ನಿಂತುಹೋಯಿತು. ತಂತಿ ಎಲ್ಲಿ ಬಿಟ್ಟಿದೆಯೋ ಅವನಿಗೆ ತಿಳಿಯಲಿಲ್ಲ. ಅದು ಮುನೀರನಿಗೆ ಮಾತ್ರ ಗೊತ್ತು. ಮರದ ಕೆಳಗೆ ಚೆನ್ನಾಜಮ್ಮ ಬಟ್ಟೆ ಹಿಡಿದು ನಿಂತೇ ಇದ್ದಳು, ಗಾಡಿ ಬರಲೇ ಇಲ್ಲ. ನಂಜರಾಜಪ್ಪ ಹಲಗೆಗೆ ಹಣೆ ಹಚ್ಚಿ ಅತ್ತ.

ಗುರುಗಳು ಬಾಗಿಲಲ್ಲಿ ನಿಂತಿದ್ದರು. “ಸ್ನೇಹಿತರೆಲ್ಲಿ?”

“ನಾನೇ ಕಳಿಸಿದೆ, ಬುದ್ಧಿ. ಇಲ್ಲದ್ದನ್ನ ತಂದಿಟ್ಟಿದ್ರು. ಅದು ಹೇಗಿತ್ತೋ ಹಾಗೇ ಇರ್ಬೇಕು ನಂಗೆ. ಅವಳು ಒಬ್ಬಳೇ ನಿಂತಿರ್ತಿದ್ಲು.”

ಗುರುಗಳು ಕಿಟಕಿಯ ಹತ್ತಿರ ಹೋದರು. ಮೂರು ಗೊಂಬೆಗಳನ್ನೂ ಎತ್ತಿಕೊಂಡು ಶಾಲಿನ ಅಂಚಿನಿಂದ ಧೂಳು ಒರೆಸಿದರು. ಒಂದೊಂದಾಗಿ ಹೊಂಗೆಮರದ ಕೆಳಗೆ ನಿಲ್ಲಿಸತೊಡಗಿದರು. ಮೊದಲು ಸೌಟಿನದು, ಆಮೇಲೆ ಟೋಪಿಯದು. ಮುರಿದ ಬುಟ್ಟಿಯದನ್ನು ಚೆನ್ನಾಜಮ್ಮನ ಭುಜಕ್ಕೆ ತಾಗುವಂತೆ ಇಟ್ಟರು.

ನಂಜರಾಜಪ್ಪ ತಡೆಯಲು ಕೈ ಚಾಚಿದ. “ಬೇಡ ಬುದ್ಧಿ, ಅದು ಹಾಗಿರ್ಲಿಲ್ಲ.”

ಗುರುಗಳು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು.

“ಅವಳು ಒಬ್ಬಳೇ ನಿಂತಿದ್ದು ಇನ್ನೂ ಸಾಲದೇನಪ್ಪಾ?”