ಇನಾಮದಾರರ ವಿನಯ

ದರ್ಗಾದ ಬಾಗಿಲಲ್ಲಿ ಚಪ್ಪಲಿ ಕಾಯುತ್ತಿದ್ದ ಮುದುಕಿ ಹುಸೇನಬಿಯ ಮುಂದೆ ಒಂದು ಗುರುವಾರ ಊರಿನ ಇನಾಮದಾರರು ಬಂದು ನಿಂತರು. ಮೈಮೇಲೆ ಜರಿ ಶಾಲು, ಬೆರಳಿಗೆಲ್ಲ ಉಂಗುರ.

“ಒಳಗ ಮಲಗಿರೋ ಸೂಫಿ ಅಜ್ಜಾರಿಗಿಂತ ನಾನೇ ವಿನಯವಂತ. ಹಂಗಂತ ಮೈಕಿನಾಗ ಒದರು. ಇಲ್ಲಾಂದ್ರ ನಾಳೆಯಿಂದ ನಿನಗ ಇಲ್ಲಿ ಕೆಲಸ ಇಲ್ಲ!”

“ಅದಕ್ಕೇನ್ರಿ ಸಾಹೇಬ್ರ, ಒದರೇ ಬಿಡ್ತೀನಿ” ಎಂದಳು ಮುದುಕಿ. ತನ್ನ ಗೋಣಿತಟ್ಟಿನ ಮೇಲೆ ಅವರನ್ನು ಕೂರಿಸಿ ಮೈಕು ಹಿಡಿದಳು.

“ಕೇಳ್ರೆಪ್ಪೋ! ನಮ್ಮ ಇನಾಮದಾರ ಸಾಹೇಬ್ರು ಅಜ್ಜಾರಿಗಿಂತ ವಿನಯವಂತರು. ಅಜ್ಜಾರು ಬಂದವರ ಚಪ್ಪಲಿ ಬರೀ ಕೈಲೆ ಒರಸಿ ಇಡ್ತಿದ್ರಂತ. ಇವರು ಜರಿ ಶಾಲಿನಾಗೇ ಒರಸ್ತಾರ. ಯಾರದಿದ್ರೂ ಒಲ್ಲೆ ಅನ್ನಂಗಿಲ್ಲ!”

ಜನ ಮುಗಿಬಿದ್ದರು. ಬರಿಗಾಲಲ್ಲಿ ಬಂದವರು ಮನೆಗೆ ಓಡಿಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು. ಎಮ್ಮೆ ಕಾಯುವ ಲಾಲಸಾಬನಂತೂ ಸೀದಾ ಕೊಟ್ಟಿಗೆಯಿಂದಲೇ ಬಂದಿದ್ದ. ಅವನ ಚಪ್ಪಲಿ ಮೂಗಿನ ಹತ್ತಿರ ಬಂದದ್ದೇ ತಡ, ಇನಾಮದಾರರು ಚಂಗನೆ ಎದ್ದು ಕಿರುಚಿದರು:

“ಸಾಕು ನಿಲ್ಲಸ್ರೋ! ನಾ ಅಷ್ಟೇನೂ ವಿನಯವಂತ ಅಲ್ಲ!”

ಮುದುಕಿಯ ಮುಖ ಅರಳಿತು.

“ಈಗ ಬಂತು ನೋಡ್ರಿ ಖರೇ ವಿನಯ! ಇದನ್ನೂ ಮೈಕಿನಾಗ ಒದರ್ಲೇನ್ರಿ?”