ಹರಿಗೋಲಿನ ಸಣ್ತಾಯಮ್ಮ ಉಂಡಿದ್ದು

ಒಂದಾನೊಂದು ಕಾಲದಲ್ಲಿ, ನಿಮ್ಮ ತಾತನ ತಾತನಿಗೂ ಇನ್ನೂ ಹಲ್ಲು ಬಂದಿರದ ಕಾಲ ಅಂತಿಟ್ಕೋ, ಕಾವೇರಿ ದಡದಲ್ಲಿ ಸಣ್ತಾಯಮ್ಮ ಅನ್ನೋ ಹೆಂಗಸು ಇದ್ಲಂತೆ. ಗಂಡ ತೀರಿಹೋಗಿದ್ದ. ಮೂವರು ಮಕ್ಕಳು, ದೊಡ್ಡೋನು ಬೋರ, ನಡುವಿನೋನು ಸಿದ್ದ, ಕಿರಿಯೋಳು ಚೆಲುವಿ. ಹರಿಗೋಲಲ್ಲಿ ಜನಾನ ಆ ದಡದಿಂದ ಈ ದಡಕ್ಕೆ ದಾಟಿಸೋದು ಅವಳ ಕೆಲಸ. ಹೊಳೆ ನಡುವೆ ಒಂದು ಸುಳಿ, ಅದನ್ನ ತಪ್ಪಿಸಿ ಹುಟ್ಟು ಹಾಕೋದು ಅವಳಷ್ಟು ಚೆನ್ನಾಗಿ ಯಾರಿಗೂ ಬರ್ತಿರ್ಲಿಲ್ಲವಂತೆ.

ಇಂಥವಳಿಗೆ ಬರ್ತಾ ಬರ್ತಾ ಸುಸ್ತು ಶುರುವಾಯ್ತು. ಬೆಳಗ್ಗೆ ಏಳೋಕಾಗಲ್ಲ, ತೋಳು ಎತ್ತೋಕಾಗಲ್ಲ. ಒಂದು ಲೋಟ ಬೆಲ್ಲದ ಕಾಪಿ ಕುಡಿದ್ಲಂತೆ, ಮೈ ಚುರುಕಾಯ್ತಂತೆ. ಆಮೇಲೆ ಲೋಟ ಸಾಲದೆ ಚೆಂಬಾಯ್ತು, ಚೆಂಬು ಸಾಲದೆ ಗಡಿಗೆಯಾಯ್ತು, ಕೊನೆಗೆ ಹರಿಗೋಲಲ್ಲೇ ಕಾಪಿ ಗಡಿಗೆ ಇಟ್ಕೊಂಡು ಓಡಾಡೋಳಂತೆ. ನಗಬೇಡ್ವೋ, ಪಾಪ, ಅವಳಿಗೆ ಬೇರೆ ದಾರಿ ಗೊತ್ತಿರ್ಲಿಲ್ಲ. ಆಮೇಲೆ ಒಂದಿನ ನಡುಹೊಳೇಲಿ ಕಾಪಿ ಮುಗಿದು, ಕೈ ಸೋತು, ಹರಿಗೋಲು ಸುಳಿಯ ಅಂಚಿಗೆ ಹೋಗಿ ಗಿರ್ರನೆ ತಿರುಗಿ, ಒಳಗಿದ್ದೋರೆಲ್ಲ ಮನೆದೇವ್ರನ್ನ ಕೂಗಿ, ಹೆಂಗೋ ದಡ ಮುಟ್ಟಿದ್ರಂತೆ. ಊರ ಗೌಡ ಬಂದು, ನೋಡು ತಾಯಿ, ಆಷಾಢಕ್ಕೆ ಹೊಳೆ ತುಂಬತ್ತೆ, ಅಷ್ಟರೊಳಗೆ ನಿನ್ನ ತೋಳಿಗೆ ಬಲ ಬರಲಿಲ್ಲ ಅಂದ್ರೆ ಹುಟ್ಟು ಬೇರೆಯವರ ಕೈಗೆ ಹೋಗತ್ತೆ, ಜನರ ಜೀವ ಅಲ್ವಾ ಅಂದನಂತೆ. ಹುಟ್ಟು ಹೋದ್ರೆ ಆ ಮನೇಲಿ ಒಲೆ ಹಚ್ಚೋ ಹಂಗಿಲ್ಲ.

ಬೋರ, ನಾನು ಬಲ ತರ್ತೀನಿ ಕಣವ್ವ ಅಂತ ದೂರದ ಸಂತೆಗೆ ಹೋಗಿ, ಇದ್ದಿಲಿಗಿಂತ ಕಪ್ಪಗಿರೋ ಕಾಪಿಪುಡಿ ತಂದನಂತೆ. ಅದನ್ನ ಕುಡಿದು ಬೆಳಗ್ಗೆಯೆಲ್ಲ ಅವ್ವ ಗಾಳಿ ಹಂಗೆ ಹುಟ್ಟು ಹಾಕಿದ್ಲು, ಮಧ್ಯಾಹ್ನಕ್ಕೆ ಕೈ ಗಡಗಡ ನಡುಗಿತು, ರಾತ್ರಿ ನಿದ್ದೆಯೇ ಇಲ್ಲ. ಆಮೇಲೆ ಸಿದ್ದ, ಇದು ಯಾರದೋ ಕಣ್ಣು ಬಿದ್ದಿರೋದು ಅಂತ ಮಂತ್ರಗಾರನ ಹತ್ರ ಹೋಗಿ, ತೋಳಿಗೆ ಕಟ್ಟೋಕೆ ಒಂದು ತಾಯಿತ ತಂದನಂತೆ. ತಾಯಿತ ತೋಳಲ್ಲೇ ನಿಲ್ಲಲಿಲ್ಲ, ಮೊಣಕೈವರೆಗೂ ಜಾರಿತಂತೆ, ಅಷ್ಟು ಸಣಕಲಾಗಿತ್ತು ಅವಳ ತೋಳು.

ಅದನ್ನ ಚೆಲುವಿ ನೋಡಿದ್ಲಂತೆ. ನಾನು ಎಲ್ಲಿಗೂ ಹೋಗಲ್ಲ, ನಾಳೆ ಅವ್ವನ ಮನೆಕೆಲಸ ಪೂರ್ತಿ ನಾನೇ ಮಾಡ್ತೀನಿ, ಎಲ್ಲಿ ಬಲ ಸೋರಿಹೋಗ್ತಿದೆ ನೋಡೋಣ ಅಂದ್ಲಂತೆ. ಸರಿ, ಕೋಳಿ ಕೂಗೋಕೆ ಮುಂಚೆ ಎದ್ಲು, ಕಸ ಗುಡಿಸಿದ್ಲು, ನೀರು ಹೊತ್ಲು, ರಾಗಿ ಬೀಸಿದ್ಲು, ಮುದ್ದೆ ತಿರುವಿ ಉಪ್ಸಾರು ಮಾಡಿದ್ಲು, ಅಣ್ಣಂದಿರಿಗೆ ಬಡಿಸಿದ್ಲು. ಬೋರ ಇನ್ನೊಂದು ಮುದ್ದೆ ಹಾಕು ಅಂದ, ಹಾಕಿದ್ಲು. ಸಿದ್ದ ಇನ್ನೊಂದು ಸೌಟು ಸಾರು ಅಂದ, ಬಿಟ್ಲು. ಆಮೇಲೆ ತಾನು ಉಣ್ಣೋಣ ಅಂತ ಮಡಕೆ ಬಗ್ಗಿಸಿದ್ರೆ ತಳಕ್ಕೆ ಅಂಟಿದ ಚೂರು ಬಿಟ್ಟು ಏನೂ ಇಲ್ಲ. ಮತ್ತೆ ಒಲೆ ಹಚ್ಚೋಕೆ ಮೈಯಲ್ಲಿ ತ್ರಾಣ ಇಲ್ಲ. ಪಕ್ಕದಲ್ಲಿ ಕಾಪಿ ಗಡಿಗೆ ಇತ್ತಂತೆ. ಒಂದು ಲೋಟ ಕುಡಿದ್ಲು, ಹಸಿವು ಸತ್ತುಹೋಯ್ತು. ಆಗ ಅವಳಿಗೆ ಅವ್ವ ದಿನಾ ಹೇಳೋದು ನೆನಪಾಯ್ತಂತೆ, ನಂಗೆ ಹಸಿವಿಲ್ಲ ಕಣ್ರೋ, ನೀವು ಉಣ್ಣಿ ಅಂತ. ಒಲೆ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ಲಂತೆ ಹುಡುಗಿ.

ಸಂಜೆ ನಾಲ್ಕು ತಟ್ಟೆ ಹಾಕಿ, ಅಣ್ಣಂದಿರ ಕಿವೀಲಿ ಏನೋ ಹೇಳಿ, ಅವ್ವನ್ನೂ ಕೂರಿಸಿದ್ಲು. ಯಾರೂ ಕೈ ಹಾಕಲ್ಲ. ಉಣ್ರಪ್ಪ ಅಂದ್ಲು ಅವ್ವ. ನೀನು ಮೊದಲು ಅಂದ್ರು. ಮಕ್ಕಳಿಗಿಂತ ಮೊದಲು ತಿನ್ನೋ ತಾಯಿ ಎಲ್ಲಾದ್ರೂ ಉಂಟಾ, ಊರು ಏನಂದೀತು ಅಂತ ಅವ್ವ ರೇಗಿದ್ಲಂತೆ. ರೇಗಿದ್ರೂ ಯಾರೂ ಅಲ್ಲಾಡಲಿಲ್ಲ. ಬೋರನ ಬಾಯಲ್ಲಿ ನೀರು, ಆದ್ರೂ ಕೈಕಟ್ಟಿ ಕೂತಿದ್ದನಂತೆ, ಅವನ ಪಾಡು ಯಾರಿಗೂ ಬೇಡ. ಮುದ್ದೆ ಆರ್ತಾ ಬಂತು. ಕೊನೆಗೆ ಮಕ್ಕಳ ಮುಖ ನೋಡಲಾರದೆ ಅವ್ವ ಒಂದು ತುತ್ತು ಮುರಿದು ನುಂಗಿದ್ಲು, ಆಮೇಲೆ ಇನ್ನೊಂದು, ಆಮೇಲೆ ತಟ್ಟೆ ಖಾಲಿ. ತಲೆ ತಗ್ಗಿಸಿಕೊಂಡು, ಇನ್ನೊಂದು ಚೂರು ಹಾಕವ್ವಾ ಅಂದ್ಲಂತೆ. ಅವ್ವನ ಬಾಯಲ್ಲಿ ಆ ಮಾತನ್ನ ಆ ಮಕ್ಕಳು ಹುಟ್ಟಿದಾಗಿನಿಂದ ಕೇಳಿರ್ಲಿಲ್ಲ.

ಆಮೇಲೆ ರಾಗಿ ಬೀಸೋದು ಬೋರನ ಪಾಲಿಗೆ, ನೀರು ಸಿದ್ದನ ಪಾಲಿಗೆ ಬಂತು, ಅವ್ವ ದೀಪ ಹಚ್ಚಿ ಸ್ವಲ್ಪ ಹೊತ್ತಿಗೇ ಮಲಗೋಳು. ಕಾಪೀನ ಒಂದೇ ಸಲ ಕಿತ್ಕೊಳ್ಳಲಿಲ್ಲ, ತಲೆ ಸಿಡಿಯತ್ತೆ ನೋಡು. ಗಡಿಗೆ ಚೆಂಬಾಗಿ, ಚೆಂಬು ಲೋಟವಾಗಿ, ಹರಿಗೋಲಲ್ಲಿ ಕಾಪಿ ಇದ್ದ ಜಾಗಕ್ಕೆ ಮಜ್ಜಿಗೆ ಹಾಕಿದ ಅಂಬಲಿ ಬಂತಂತೆ. ಆ ತಾಯಿತ ತೋಳಿಗೆ ಬಿಗಿಯಾಗಿ, ಬಿಚ್ಚಿ ಇಟ್ಲಂತೆ.

ಆಷಾಢ ಬಂತು, ಹೊಳೆ ದಡ ಮೀರಿತು. ಆವಾಗಲೇ ಗೌಡನ ಮಗಳಿಗೆ ಹೆರಿಗೆ ನೋವು, ಸೂಲಗಿತ್ತಿ ಇರೋದು ಆಚೆ ದಡದಲ್ಲಿ. ಯಾರೂ ಹೊಳೆಗಿಳಿಯೋಕೆ ಒಪ್ಪಲಿಲ್ಲ. ಸಣ್ತಾಯಮ್ಮ ಸೆರಗು ಸಿಕ್ಕಿಸಿ, ಒಂದು ಚೆಂಬು ಅಂಬಲಿ ಕುಡಿದು, ಹುಟ್ಟು ಹಿಡಿದ್ಲಂತೆ. ಸುಳಿ ಎಳೀತು, ಇವಳು ಬಿಡಲಿಲ್ಲ. ಸೂಲಗಿತ್ತೀನ ಕೂರಿಸ್ಕೊಂಡು ತಿರುಗಿ ಬಂದ್ಲು, ಮಗು ಹುಟ್ತು, ತಾಯಿ ಮಗು ಇಬ್ರೂ ಉಳಿದ್ರು. ಹುಟ್ಟು ನಿನ್ನ ಕೈಲೇ ಇರಲಿ ತಾಯಿ ಅಂತ ಗೌಡ ಕೈಮುಗಿದನಂತೆ.

ಮಗೂಗೆ ಹೆಸರಿಡೋ ದಿನ ಗೌಡನ ಮನೇಲಿ ಊರಿಗೇ ಊಟ. ಮೊದಲ ಎಲೆ ಸಣ್ತಾಯಮ್ಮಂಗೆ ಹಾಕಿದ್ರಂತೆ. ಬಡಿಸೋಕೆ ಬಂದೋಳು ಗೌಡನ ಹೆಂಡ್ತಿ, ಮುಖ ಬಾಡಿತ್ತು, ಕೈ ಸಣ್ಣಗೆ ನಡುಗ್ತಿತ್ತು. ಸಣ್ತಾಯಮ್ಮ ಆ ಕೈ ಹಿಡ್ಕೊಂಡು, ಗೌಡಮ್ಮಾರೇ, ನೀವು ಉಂಡ್ರಾ ಅಂತ ಕೇಳಿದ್ಲಂತೆ. ಅಷ್ಟು ದೊಡ್ಡ ಮನೇಲಿ ಆಕೇನ ಯಾರೂ ಯಾವತ್ತೂ ಹಂಗೆ ಕೇಳಿರ್ಲಿಲ್ಲ. ಆಕೆ ಸೌಟು ಕೆಳಗಿಟ್ಟು, ಪಕ್ಕದಲ್ಲೇ ಎಲೆ ಹಾಕ್ಕೊಂಡು ಕೂತ್ಲಂತೆ.

ಕತೆ ದಡ ಸೇರ್ತು ಮಗಾ, ಇನ್ನು ಕಣ್ಣು ಮುಚ್ಚು. ಏನು? ನಾನಾ? ಉಂಡೆ ಕಣೋ, ನಿಮ್ಮವ್ವನ ಜೊತೇಲೇ ಕೂತು ಹೊಟ್ಟೆ ತುಂಬ ಉಂಡೆ. ಮಲ್ಕೋ.