ಬಣ್ಣಗಾರನ ಕೊಸರು

ಮಾರ್ಗಶಿರ ಶುದ್ಧ ಪಂಚಮಿ, ಗುರುವಾರ. ಮೋಡವಿರಲಿಲ್ಲ, ಒಣ ಚಳಿ ಇತ್ತು.

“ಬುದ್ಧೀ, ನೋವನ್ನೇ ಕೊಡದ ಕಾಯಿಲೆಯನ್ನೂ ವೈದ್ಯರಿಗೆ ತೋರಿಸಬೇಕೆ?” ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಐವತ್ತು ದಾಟಿದವನು. ಈಚೆಗೆ ಎರಡು ಸಲ ಅವನ ಮೂತ್ರ ಕೆಂಪಗೆ ಹೋಗಿತ್ತು. ನೋವಿರಲಿಲ್ಲ. ಬಚ್ಚಲು ತೊಳೆಯುವವನು ಕಂಡು ವಿಚಾರಿಸಿದಾಗ ಬೀಟ್‌ರೂಟ್ ಪಲ್ಯದ ಮೇಲೆ ಹಾಕಿ ಪಾರಾಗಿದ್ದ. ದೇಹದ ಚಿಂತೆ ಬಿಡು ಎಂಬ ಒಂದು ಮಾತು ಸ್ವಾಮಿಗಳ ಬಾಯಿಂದ ಬಂದುಬಿಟ್ಟರೆ ನೆಮ್ಮದಿಯಾಗಿ ಇರಬಹುದೆಂದು ಅವನ ಲೆಕ್ಕ.

ಕಾಯಿಲೆ ಯಾರಿಗೆ ಎಂದು ಸ್ವಾಮಿಗಳು ಕೇಳಲಿಲ್ಲ. ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಬರಿಗೈಯನ್ನೇ ಹಂಡೆಗೆ ಇಳಿಸುವನು. ಇನ್ನೊಂದು ಕೈಯಲ್ಲಿ ಬೀಡಿ. ಚೌಕಾಸಿಯಲ್ಲಿ ಅವನನ್ನು ಗೆದ್ದವರಿರಲಿಲ್ಲ. ಒಂದು ಕಟ್ಟು ಕೊತ್ತಂಬರಿ ಕೊಂಡರೂ ಮೇಲೊಂದಿಷ್ಟು ಬಿಟ್ಟಿ ಕೊಸರು ಕೇಳಿ ಹಾಕಿಸಿಕೊಳ್ಳುವನು. ತಾನು ಮಾರುವಾಗ ಮಾತ್ರ ಕೊಸರು ಎಂಬ ಮಾತು ಅವನ ಕಿವಿಗೆ ಬೀಳುತ್ತಿರಲಿಲ್ಲ.

ಒಂದು ದಿನ ಅವನ ಮೂತ್ರ ಕೆಂಪಾಯಿತು. ಬೇರೆಯವರಾದರೆ ಹೆದರುತ್ತಿದ್ದರು. ಇವನು ಬಗ್ಗಿ ನೋಡಿ, ಕೆಂಪಿಗೆ ತುಸು ಕಂದು ಬೆರೆತಿದೆ ಎಂದು ತೀರ್ಪು ಕೊಟ್ಟ. ಇಷ್ಟು ವರ್ಷ ಹಂಡೆಯಲ್ಲಿ ಕೈಯಿಟ್ಟವನ ಮೈ ಒಂದಿಷ್ಟು ಬಣ್ಣ ಬಿಡದೆ ಇರುತ್ತದೆಯೇ, ಬಿಡುವ ಬಣ್ಣ ಎರಡು ಒಗೆತಕ್ಕೆ ನಿಲ್ಲುತ್ತದೆ ಎಂದು ಹೆಂಡತಿಗೆ ತಿಳಿಹೇಳಿದ. ಒಗೆತಕ್ಕೆಂದು ಕೊಡಗಟ್ಟಲೆ ನೀರು ಕುಡಿದ. ಬಣ್ಣ ನಿಂತಿತು. ವಾರವೆಲ್ಲ ಬೀಗಿದ.

ಕೆಲವು ದಿನ ಬಿಟ್ಟು ಮತ್ತೆ ಕೆಂಪಾಯಿತು. ಈ ಸಲ ತಪ್ಪನ್ನು ಬೀಟ್‌ರೂಟಿನ ತಲೆಗೆ ಕಟ್ಟಿದ.

“ಮನೆಗೆ ಬೀಟ್‌ರೂಟ್ ಬಂದು ಯಾವ ಕಾಲವಾಯಿತು?” ಎಂದಳು ಹೆಂಡತಿ. “ನಿಮಗೆ ಸೇರುವುದಿಲ್ಲವೆಂದು ತರುವುದನ್ನೇ ಬಿಟ್ಟಿದ್ದೇನೆ. ಏಳಿ, ಆಸ್ಪತ್ರೆಗೆ ನಡೆಯಿರಿ.”

ಇಲ್ಲಿ ಸ್ವಾಮಿಗಳು ಕತೆ ನಿಲ್ಲಿಸಿ, ಮರುಳಯ್ಯನ ಸೊಂಟದಲ್ಲಿದ್ದ ಉಗ್ರಾಣದ ಬೀಗದ ಕೈಯನ್ನು ನೋಡಿದರು. ಮಠಕ್ಕೂ ಬಹಳ ದಿನದಿಂದ ಬೀಟ್‌ರೂಟ್ ಬಂದಿರಲಿಲ್ಲ. ತರಕಾರಿ ತರಿಸುವವನು ಮರುಳಯ್ಯನೇ. ಅವನು ಬೀಗದ ಕೈಯನ್ನು ಮೆಲ್ಲಗೆ ಪಂಚೆಯೊಳಗೆ ಸರಿಸಿಕೊಂಡ.

ಸ್ವಾಮಿಗಳು ಮುಂದುವರಿಸಿದರು.

ದೀಪವಿರುವ ಸಣ್ಣ ಕೊಳವೆಯನ್ನು ಮೂತ್ರದ ದಾರಿಯಲ್ಲೇ ಒಳಗೆ ಕಳಿಸಿ ನೋಡಬೇಕೆಂದರು ವೈದ್ಯರು. ಬಣ್ಣಗಾರ ಪಂಚೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತ. ಹೆಂಡತಿ ದುರುಗುಟ್ಟಿ ನೋಡಿದ ಮೇಲೆ ಆ ಒಂದು ಸಲಕ್ಕೆಂದು ಬಿಚ್ಚಿದ. ಮೂತ್ರದ ಚೀಲದೊಳಗೆ ಅಣಬೆಯಂಥ ಗಂಟೊಂದಿತ್ತು. ಮೈ ಕೊಯ್ಯದೆ ಅದೇ ದಾರಿಯಲ್ಲಿ ಅದನ್ನು ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಆದರೆ ಬೇರು ಇನ್ನೂ ಒಳಪದರದಲ್ಲೇ ಇತ್ತು. ವಾರಕ್ಕೊಮ್ಮೆಯಂತೆ ಆರು ವಾರ ಬಂದು ಚೀಲಕ್ಕೆ ಔಷಧಿ ತುಂಬಿಸಿಕೊಳ್ಳಬೇಕು, ಬೀಡಿ ಬಿಡಬೇಕು. ಮರಳಿ ಬರುವ ಚಾಳಿಯ ಕಾಯಿಲೆಯಾದ್ದರಿಂದ ಮೂರು ತಿಂಗಳಿಗೊಮ್ಮೆ ಕೊಳವೆ ಹಾಕಿ ನೋಡಬೇಕು ಎಂದು ವೈದ್ಯರು ಹೇಳಿದರು.

ಬಣ್ಣಗಾರ ಚೌಕಾಸಿಗೆ ಇಳಿದ. ಔಷಧಿ ಎರಡೇ ವಾರ ಸಾಕೆಂದ. ಬೀಡಿಯನ್ನು ಅರ್ಧಕ್ಕೆ ಇಳಿಸುವೆನೆಂದ.

“ನೋಡುವ ಕೆಲಸ ನನಗೇ ಬಿಡಿ ಡಾಕ್ಟರೇ. ಬಣ್ಣ ನೋಡುವುದರಲ್ಲಿ ನಾನು ನಿಮಗಿಂತ ಹಳಬ.”

“ನೀವು ನೋಡುವುದು ಹೊರಗೆ ಬಂದ ಬಣ್ಣ. ನಾನು ನೋಡಬೇಕಾದದ್ದು ಹಂಡೆ” ಎಂದರು ವೈದ್ಯರು.

ಔಷಧಿ ತುಂಬಿಸಿದ ದಿನ ಮೆಣಸಿನಕಾಯಿ ಅರೆದಂತೆ ಉರಿಯಿತು. ಗಳಿಗೆಗೊಮ್ಮೆ ಹಿತ್ತಲಿಗೆ ಓಡುವ ಅವನನ್ನು ಕಂಡು ನೆರೆಯವರು, ಹಿತ್ತಲಲ್ಲೇ ಅಂಗಡಿ ಇಟ್ಟುಕೋ ಮಾರಾಯ ಎಂದರು. ಎರಡನೆಯ ವಾರಕ್ಕೆ ನಿಲ್ಲಿಸಿಬಿಟ್ಟ. ಕೊಳವೆಯ ಕಡೆಗೆ ತಲೆಹಾಕಲಿಲ್ಲ. ಪಂಚೆಯ ಗಂಟು ಭದ್ರವಾಗಿತ್ತು.

ವರ್ಷ ತುಂಬುವ ಮೊದಲೇ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಂಡಿತು. ಹೆಂಡತಿ ಆಟೋದಲ್ಲಿ ಕೂರಿಸಿಕೊಂಡು ಹೊರಟಳು. ರಸ್ತೆಯ ಒಂದೊಂದು ಗುಂಡಿಗೂ ಅವನು ಒಂದೊಂದು ದೇವರನ್ನು ಕರೆದ. ಊರಿನ ದೇವರು ಮುಗಿದು ಪಕ್ಕದೂರಿನವರನ್ನೂ ಕರೆಯಬೇಕಾಯಿತು.

ವೈದ್ಯರು ಹೆಪ್ಪನ್ನು ತೆಗೆದು ಒಳಗೆ ನೋಡಿದರು. ಬೇರು ಚೀಲದ ಮಾಂಸಕ್ಕೆ ಇಳಿದಿತ್ತು. ಒಂದು ಮೂತ್ರಪಿಂಡವೂ ಊದಿಕೊಂಡಿತ್ತು. ಕೆಲವರಿಗೆ ಚೀಲ ಉಳಿಸಿಕೊಂಡೇ ಔಷಧಿಯನ್ನೂ ವಿಕಿರಣವನ್ನೂ ಕೊಡಬಹುದು, ಕೆಲವರಿಗೆ ಕರುಳಿನಿಂದಲೇ ಒಳಗೆ ಹೊಸ ಚೀಲ ಹೊಲಿಯಬಹುದು; ನಿಮ್ಮ ಮೂತ್ರಪಿಂಡದ ಸ್ಥಿತಿಯಲ್ಲಿ ಎರಡೂ ತಕ್ಕವಲ್ಲ ಎಂದರು. ಮೊದಲು ರಕ್ತನಾಳಕ್ಕೆ ಔಷಧಿ, ಆಮೇಲೆ ಚೀಲವನ್ನೇ ತೆಗೆಯುವುದು. ಮೂತ್ರ ಹೊರಬರಲು ಕರುಳಿನ ತುಂಡಿನಿಂದ ಹೊಟ್ಟೆಯ ಮೇಲೊಂದು ಬಾಯಿ, ಅದಕ್ಕೆ ಹೊರಗೊಂದು ಚೀಲ.

ಬಣ್ಣಗಾರ ಮತ್ತೆ ಚೌಕಾಸಿಗೆ ಇಳಿದ.

“ಮೊದಲು ಹೇಳಿದ ದರಕ್ಕೇ ಕೊಡಿ ಡಾಕ್ಟರೇ” ಎಂದ.

“ಆ ಸರಕು ಮುಗಿಯಿತು” ಎಂದರು ವೈದ್ಯರು.

ಸ್ವಾಮಿಗಳು ಮಾತು ನಿಲ್ಲಿಸಿದರು. ಬದುಕಿದನೇ ಎಂದು ಮರುಳಯ್ಯ ಕೇಳಿದ. ಬದುಕಿದ್ದಾನೆ, ಅಂಗಡಿಯಲ್ಲಿ ಕೂರುತ್ತಾನೆ, ಬೀಡಿ ಮುಟ್ಟುವುದಿಲ್ಲ ಎಂದರು. ಹೊರಗಿನ ಚೀಲ ಅಂಟಿಸಲು ಹೆಂಡತಿ ಬೇಕು, ಅದನ್ನು ಕಲಿಯಲು ನರ್ಸಮ್ಮನ ಮುಂದೆ ಪಂಚೆ ಸಡಿಲಿಸಬೇಕು; ನೆಂಟರ ಮದುವೆಯಲ್ಲೊಮ್ಮೆ ಊಟದ ನಡುವೆ ಅದು ಸೋರಿ ಪಂಕ್ತಿಗೆ ಪಂಕ್ತಿಯೇ ಎದ್ದಿತು ಎಂದರು.

ಮರುಳಯ್ಯ ನಗಲು ಹೋಗಿ ನಿಲ್ಲಿಸಿದ. ಅವನ ಕೈ ತನಗೇ ತಿಳಿಯದೆ ಪಂಚೆಯ ಗಂಟಿನ ಮೇಲಿತ್ತು.

“ಅಷ್ಟು ಚೌಕಾಸಿ ಮಾಡಿ ಕೊನೆಗೆ ಅವನು ತೆತ್ತದ್ದೇನು, ಬುದ್ಧೀ?”

“ಚೀಲ ಕೊಟ್ಟ, ಉಳಿಸಿಕೊಂಡಿದ್ದ ನಾಚಿಕೆಯನ್ನು ಕೊಸರು ಹಾಕಿದ.”